ಅಸೈನ್‌ಮೆಂಟಿಗೆ ಮುಂಚೆ ಹತ್ತು ನಿಮಿಷ, ಮುಗಿದ ಮೇಲೆ ಹತ್ತು ನಿಮಿಷ

ಕಳೆದ ಸೆಮಿಸ್ಟರಿನಲ್ಲಿ ಬಿ.ಕಾಂ. ತರಗತಿಯ ಅಸೈನ್‌ಮೆಂಟ್ ಕಟ್ಟೊಂದನ್ನು ತಿದ್ದುತ್ತಾ ಕೂತಿದ್ದೆ. ಕಾಸ್ಟ್ ಅಕೌಂಟಿಂಗ್ ವಿಷಯ. ಒಂದು ಸಲಕ್ಕೆ ಎಷ್ಟು ಸಾಮಗ್ರಿ ತರಿಸಿದರೆ ಖರ್ಚು ಕನಿಷ್ಠವಾಗುತ್ತದೆ ಎಂಬ ಲೆಕ್ಕ. ವಿದ್ಯಾರ್ಥಿಗಳ ಬಾಯಲ್ಲಿ ಇಒಕ್ಯೂ. ಮೂರನೆಯ ಲೆಕ್ಕದಲ್ಲಿ 3,600 ಎಂದಿರಬೇಕಾದ ಕಡೆ 36,000 ಎಂದಿತ್ತು. ಕೈತಪ್ಪಿರಬಹುದು ಎಂದುಕೊಂಡು ಮುಂದಿನ ಪುಸ್ತಕ ತೆರೆದೆ. ಅಲ್ಲೂ 36,000. ಅದರ ಮುಂದಿನದರಲ್ಲೂ ಅದೇ. ತಮಾಷೆಯೆಂದರೆ ಕೊನೆಯ ಉತ್ತರ ಎಲ್ಲರದ್ದೂ ಸರಿಯಾಗಿತ್ತು: 300 ಚೀಲ. 36,000 ಹಾಕಿದರೆ ಆ ಉತ್ತರ ಬರಲು ಸಾಧ್ಯವೇ ಇಲ್ಲ. ಯಾರೋ ಒಬ್ಬರು ಸೊನ್ನೆಯೊಂದನ್ನು ಹೆಚ್ಚಿಗೆ ಬರೆದಿದ್ದರು, ಉಳಿದವರು ಆ ಸೊನ್ನೆಯನ್ನೂ ನಿಷ್ಠೆಯಿಂದ ಇಳಿಸಿಕೊಂಡಿದ್ದರು.

ಆದರೂ ಅವರನ್ನು ಸೋಮಾರಿಗಳು ಎನ್ನಲು ನನಗೆ ಬಾಯಿ ಬರಲಿಲ್ಲ. ಸ್ಕೇಲಿಟ್ಟು ಎಳೆದ ಮಾರ್ಜಿನ್, ಕೆಂಪು ಶಾಯಿಯ ತಲೆಬರಹ, ಮುತ್ತು ಪೋಣಿಸಿದಂಥ ಅಕ್ಷರ. ರಾತ್ರಿ ಎರಡು ಗಂಟೆಯವರೆಗೆ ಕೂತು ನಲವತ್ತು ಪುಟ ಬರೆಯುವವರು ಸೋಮಾರಿಗಳಾಗುವುದು ಹೇಗೆ? ದಾವಣಗೆರೆಯ ಕಾಲೇಜುಗಳಲ್ಲಿ ನಾನು ಕಂಡ ಮಟ್ಟಿಗೆ ದುಡಿಮೆಗೆ ಕೊರತೆಯಿಲ್ಲ. ಆ ದುಡಿಮೆಯ ಹಿಂದೆ ಮುಂದೆ ಏನೂ ಇಲ್ಲದಿರುವುದೇ ತೊಂದರೆ. ಪ್ರಶ್ನೆ ಏನೆಂದು ನೋಡುವ ಮೊದಲೇ ಬರವಣಿಗೆ ಶುರುವಾಗುತ್ತದೆ, ಮುಗಿದ ಕ್ಷಣಕ್ಕೆ ಪುಸ್ತಕ ಮೇಜಿನ ಮೇಲೆ ಬೀಳುತ್ತದೆ.

ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬ್ಯಾರಿ ಝಿಮ್ಮರ್‌ಮನ್ ಸ್ವನಿಯಂತ್ರಿತ ಕಲಿಕೆ ಎಂಬ ವಿಚಾರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ತನ್ನ ಓದನ್ನು ತಾನೇ ನಡೆಸಿಕೊಂಡು ಹೋಗುವವರಲ್ಲಿ ಅವರು ಮೂರು ಹಂತಗಳನ್ನು ಗುರುತಿಸಿದರು: ಮುಂಚಿನ ಯೋಚನೆ, ಮಾಡುವ ಕೆಲಸ, ಮಾಡಿದ್ದರ ಹಿನ್ನೋಟ. ಮೂರನೆಯದು ಮತ್ತೆ ಮೊದಲನೆಯದಕ್ಕೆ ಹೋಗಿ ಸೇರುತ್ತದೆ. ಕೇಳಲು ಭಾರವೆನಿಸಿದರೆ ನಿಮ್ಮ ಅಪ್ಪನನ್ನು ನೆನೆಸಿಕೊಳ್ಳಿ. ಮೆಕ್ಕೆಜೋಳ ಬಿತ್ತುವ ರೈತ ಹೊಲ ಹದಕ್ಕೆ ಬಂದಿದೆಯೇ ಎಂದು ನೋಡದೆ ಕೂರಿಗೆ ಹೂಡುವುದಿಲ್ಲ. ಕೊಯ್ಲಾದ ಮೇಲೆ ಎಕರೆಗೆ ಎಷ್ಟು ಕ್ವಿಂಟಲ್ ಬಂತು, ಯಾವ ಮೂಲೆ ಕೈಕೊಟ್ಟಿತು ಎಂದು ಲೆಕ್ಕ ಹಾಕದೆ ಮಲಗುವುದಿಲ್ಲ. ಮನೆಯಲ್ಲಿ ದಿನವೂ ಕಾಣುವ ಈ ಬುದ್ಧಿಯನ್ನು ನಾವು ಅಸೈನ್‌ಮೆಂಟ್ ಪುಸ್ತಕದ ಹತ್ತಿರ ತರುವುದಿಲ್ಲ, ಅಷ್ಟೇ.

ಕೆಳಗಿನ ಕ್ರಮ ನನ್ನ ವಿದ್ಯಾರ್ಥಿಗಳ ಜತೆ ಎಡವಿ ಎಡವಿ ರೂಪಿಸಿಕೊಂಡದ್ದು. ಎಲ್ಲವನ್ನೂ ಒಂದೇ ವಾರದಲ್ಲಿ ಶುರುಮಾಡಬೇಡಿ. ಮೊದಲ ಮತ್ತು ಕೊನೆಯ ಹೆಜ್ಜೆಯಿಂದ ಆರಂಭಿಸಿದರೂ ಸಾಕು.

1. ಕೊಟ್ಟ ದಿನವೇ ಪ್ರಶ್ನೆ ಓದಿ, ಉತ್ತರ ಬರೆಯಬೇಡಿ

ಅಸೈನ್‌ಮೆಂಟ್ ಕೊಟ್ಟ ದಿನ ಮನೆಗೋ ಹಾಸ್ಟೆಲಿಗೋ ಹೋಗುವ ಮುಂಚೆ ಹತ್ತು ನಿಮಿಷ ತೆಗೆದಿಡಿ. ಬಸ್ ನಿಲ್ದಾಣದ ಬೆಂಚಾದರೂ ಆದೀತು. ಪ್ರತಿ ಪ್ರಶ್ನೆಯ ಕೆಳಗೆ ಪೆನ್ಸಿಲಿನಲ್ಲಿ ಮೂರು ಸಾಲು: ಇಲ್ಲಿ ಕೇಳಿರುವುದು ಏನು, ಇದರಲ್ಲಿ ನನಗೆ ಗೊತ್ತಿರುವುದು ಏನು, ನಾನು ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು.

ಮೂರನೆಯ ಸಾಲು ಮುಖ್ಯ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಎಂಬುದು ಸೋಮವಾರವೇ ತಿಳಿದರೆ ಮಂಗಳವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಮೇಡಂ, ಇದೊಂದು ಹೇಳಿಕೊಡಿ" ಎನ್ನಬಹುದು. ಭಾನುವಾರ ರಾತ್ರಿ ಹನ್ನೊಂದಕ್ಕೆ ತಿಳಿದರೆ ಪಕ್ಕದ ಕೋಣೆಯವರ ಪುಸ್ತಕವೊಂದೇ ದಾರಿ. ನಕಲು ಮಾಡುವವರಲ್ಲಿ ಮುಕ್ಕಾಲು ಜನ ಕೆಟ್ಟವರಾಗಿ ನಕಲು ಮಾಡುವುದಿಲ್ಲ, ತಡವಾಗಿ ನಕಲು ಮಾಡುತ್ತಾರೆ ಎಂಬುದು ನನ್ನ ಗುಮಾನಿ.

2. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಊಹಿಸಿ, ಆ ಊಹೆಯನ್ನು ನಂಬಬೇಡಿ

ಕೆನಡಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳಿಗೆ ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ಸರಾಸರಿ ಊಹೆ ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಬೇಕು ಎಂದು ಕೇಳಿದಾಗ ಕೊಟ್ಟ ಉತ್ತರ ಕೂಡ ನಿಜಕ್ಕಿಂತ ಕಡಿಮೆಯೇ ಇತ್ತು. ಹಾಗಾಗಿ ಲೆಕ್ಕ ಸರಳ: ಎರಡು ಗಂಟೆ ಸಾಕು ಎನಿಸಿದರೆ ಮೂರೂವರೆ ಗಂಟೆ ಎತ್ತಿಡಿ.

ಊರಿನ ಕ್ಯಾಲೆಂಡರನ್ನೂ ನೋಡಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವಾರ ಮನೆ ತುಂಬಾ ನೆಂಟರು. ಆ ವಾರಕ್ಕೆ ದಿನಕ್ಕೆ ನಾಲ್ಕು ಗಂಟೆ ಓದು ಎಂದು ವೇಳಾಪಟ್ಟಿ ಹಾಕುವವರು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಸೊನ್ನೆ ಗಂಟೆ ಎಂದು ಧೈರ್ಯವಾಗಿ ಬರೆದು, ಹಿಂದಿನ ವಾರಕ್ಕೆ ಕೆಲಸ ಹಂಚಿಕೊಂಡು, ಜಾತ್ರೆಯನ್ನು ನೆಮ್ಮದಿಯಾಗಿ ಮಾಡಿ. ಕೊಯ್ಲು, ಮನೆಯ ಮದುವೆ ಎಲ್ಲಕ್ಕೂ ಇದೇ ಮಾತು.

3. ಯಾವಾಗ, ಎಲ್ಲಿ ಎಂದು ಒಂದು ವಾಕ್ಯದಲ್ಲಿ ಬರೆಯಿರಿ

"ಸಂಜೆ ಕೂತು ಓದುತ್ತೇನೆ" ಎಂಬುದು ಯೋಜನೆಯಲ್ಲ, ಆಸೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ 1997ರಲ್ಲಿ ಸಹೋದ್ಯೋಗಿಯೊಬ್ಬರ ಜತೆ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂಬ ವರದಿಯನ್ನು ಎರಡು ದಿನದೊಳಗೆ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಹಬ್ಬದ ನಡುವೆ ಹೋಂವರ್ಕ್! ಅವರಲ್ಲಿ ಅರ್ಧ ಜನಕ್ಕೆ ಮಾತ್ರ, ಎಷ್ಟು ಹೊತ್ತಿಗೆ ಮತ್ತು ಎಲ್ಲಿ ಕೂತು ಬರೆಯುತ್ತೀರಿ ಎಂದು ಮೊದಲೇ ಬರೆದುಕೊಡಲು ಕೇಳಿದರು. ಹಾಗೆ ಬರೆದುಕೊಟ್ಟವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಜನ ಹೇಳಿದ ಅವಧಿಯಲ್ಲಿ ಮುಗಿಸಿದರು, ಉಳಿದವರಲ್ಲಿ ಮೂರನೇ ಒಂದರಷ್ಟು ಮಾತ್ರ.

ಆದ್ದರಿಂದ ವಾಕ್ಯ ಹೀಗಿರಲಿ: "ಬುಧವಾರ ಮೆಸ್ಸಿನಲ್ಲಿ ರಾತ್ರಿ ಊಟ ಮುಗಿಸಿ ತಟ್ಟೆ ತೊಳೆದ ಕೂಡಲೇ, ಓದುವ ಕೋಣೆಯ ಕಿಟಕಿ ಪಕ್ಕದ ಮೇಜಿಗೆ ಹೋಗಿ ಮೊದಲ ಲೆಕ್ಕ ಬಿಡಿಸುತ್ತೇನೆ." ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಬೇಕು. ಗಂಟೆಗೆ ಗಂಟು ಹಾಕಿದರೆ ಕರೆಂಟ್ ಹೋಯಿತು, ನೆಂಟರು ಬಂದರು ಎಂದು ತಪ್ಪುತ್ತದೆ. ಊಟ ಯಾರಿಗೂ ತಪ್ಪುವುದಿಲ್ಲ.

ಜಾಗದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳ ಕಷ್ಟ ದೊಡ್ಡದು. ಒಂದೇ ಕೋಣೆಯ ಮನೆ, ಜೋರು ಟಿ.ವಿ., ನಾಲ್ವರ ಹಾಸ್ಟೆಲ್ ಕೋಣೆ. ಹಳ್ಳಿಯಲ್ಲಿ ಉಳಿಯುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು, ಈಗ ಅರಿವು ಕೇಂದ್ರ ಎಂದು ಹೆಸರಾಗಿರುವುದನ್ನು, ಒಮ್ಮೆ ಹೋಗಿ ನೋಡಿ. ಪೇಪರ್ ಓದುವ ನಾಲ್ಕು ಹಿರಿಯರನ್ನು ಬಿಟ್ಟರೆ ಸದ್ದು ಮಾಡುವವರು ಇರಲಾರರು. ಸಂಜೆ ಮಂಡಿಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರೂ ನನ್ನ ತರಗತಿಯಲ್ಲಿದ್ದಾರೆ. ಅವರಿಗೆ ಸಂಜೆಯ ಓದಿನ ಉಪದೇಶ ಹೇಳುವುದು ಕ್ರೌರ್ಯ. ಕಾಲೇಜಿಗೆ ಮುಕ್ಕಾಲು ಗಂಟೆ ಮುಂಚೆ ಬಂದು ಖಾಲಿ ತರಗತಿಯಲ್ಲಿ ಕೂರುವುದು ಅವರಲ್ಲಿ ಒಬ್ಬನಿಗೆ ಒಗ್ಗಿತು.

ಬಸ್ಸಿನ ಹೊತ್ತನ್ನು ಮರೆಯಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜಗಳೂರು, ಹೊನ್ನಾಳಿ ಕಡೆಯಿಂದ ದಿನವೂ ಓಡಾಡುವ ಹುಡುಗಿಯರಿಗೆ ಟಿಕೆಟಿನ ಚಿಂತೆ ಹೋಗಿದೆ, ನಿಂತು ಬರುವ ಚಿಂತೆ ಸೇರಿದೆ. ಕಂಬಿ ಹಿಡಿದು ನಿಂತವರಿಗೆ ಪುಸ್ತಕ ತೆರೆಯಲು ಆಗುವುದಿಲ್ಲ. ಆದರೆ ಐದನೆಯ ಹೆಜ್ಜೆಗೆ ಪುಸ್ತಕ ಬೇಕಾಗಿಯೂ ಇಲ್ಲ.

4. ಮನಸ್ಸು ಬರಲಿ ಎಂದು ಕಾಯಬೇಡಿ

"ಓದಲು ಮೂಡ್ ಇಲ್ಲ ಮೇಡಂ" ಎಂಬ ಮಾತಿಗೆ ನನ್ನದು ಒಂದೇ ಉತ್ತರ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಕಾಯುವವರೆಗೆ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ಹಾಗೆಂದು ಭಟ್ಟರು ಒಲೆಯನ್ನೇ ಹೊತ್ತಿಸದೆ ಕಾವು ಬರಲೆಂದು ಕಾಯುತ್ತಾ ಕೂರುವುದಿಲ್ಲ.

ಮೊದಲು ಎಲ್ಲಕ್ಕಿಂತ ಸುಲಭದ ಲೆಕ್ಕವನ್ನು ಎತ್ತಿಕೊಳ್ಳಿ. ಇದು ತಪ್ಪಿಸಿಕೊಳ್ಳುವ ಉಪಾಯವಲ್ಲ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ಇದು ನನ್ನಿಂದ ಆಗುತ್ತದೆ ಎಂಬ ನಂಬಿಕೆ ಹುಟ್ಟುವ ಬಲವಾದ ಮೂಲ ಸ್ವಂತ ಕೈಯಿಂದ ಮಾಡಿ ಮುಗಿಸಿದ ಅನುಭವ. ಬೇರೆಯವರು ಹೇಳುವ ಧೈರ್ಯದ ಮಾತು ಅದಕ್ಕಿಂತ ದುರ್ಬಲ. ಆದ್ದರಿಂದಲೇ ಮೊಬೈಲಿನ ಸ್ಫೂರ್ತಿ ವಿಡಿಯೊಗಳ ಬಗ್ಗೆ ನನಗೆ ಅಸಹನೆ. ಹತ್ತು ನಿಮಿಷ ಎದೆ ಉಬ್ಬುತ್ತದೆ, ಹನ್ನೊಂದನೆಯ ನಿಮಿಷಕ್ಕೆ ಇನ್ನೊಂದು ವಿಡಿಯೊ ಬರುತ್ತದೆ. ಬಿಡಿಸಿದ ಒಂದು ಸಣ್ಣ ಲೆಕ್ಕ ಅದರ ಹತ್ತು ಪಟ್ಟು ಕೆಲಸ ಮಾಡುತ್ತದೆ.

ಇಪ್ಪತ್ತೈದು ನಿಮಿಷ ಕೂರಿ, ಐದು ನಿಮಿಷ ಏಳಿ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ರೂಢಿಸಿಕೊಂಡ ಕ್ರಮ ಇದು. ಇಪ್ಪತ್ತೈದರಲ್ಲಿ ಮಂತ್ರವೇನೂ ಇಲ್ಲ, ನಿಮಗೆ ಮೂವತ್ತೈದು ಹೊಂದಿದರೆ ಹಾಗೇ ಮಾಡಿ. ಮೊಬೈಲ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಹಾಸ್ಟೆಲಿನಲ್ಲಿ ಬೇರೆ ಕೋಣೆ ಎಲ್ಲಿಂದ ತರುವುದು ಎನ್ನುವವರು ಗೆಳೆಯರ ಜತೆ ಮೊಬೈಲ್ ಅದಲುಬದಲು ಮಾಡಿಕೊಳ್ಳಿ. ಲಾಕ್ ತೆರೆಯಲಾಗದ ಮೊಬೈಲ್ ಕಲ್ಲಿಗೆ ಸಮ.

5. ಪುಸ್ತಕ ಮುಚ್ಚಿ ಬರೆಯಿರಿ

"ನಿನ್ನೆ ರಾತ್ರಿ ಎಲ್ಲಾ ಬರುತ್ತಿತ್ತು, ಹಾಲ್‌ನಲ್ಲಿ ಕೂತ ಕೂಡಲೇ ಮರೆತುಹೋಯಿತು." ಈ ದೂರು ಸುಳ್ಳಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪಾಠ ನೋಡದೆ ನೆನಪಿಗೆ ಬಂದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಗೆದ್ದದ್ದು ಓದಿದವರು. ಒಂದು ವಾರದ ನಂತರ ನೋಡಿದರೆ ಓದಿದವರಿಗೆ ಉಳಿದದ್ದು ಸುಮಾರು ಶೇ 40, ನೆನೆದು ಬರೆದವರಿಗೆ ಸುಮಾರು ಶೇ 61. ರಾತ್ರಿ "ಎಲ್ಲಾ ಬರುತ್ತಿತ್ತು" ಎನಿಸುವುದು ಆ ಐದು ನಿಮಿಷದ ಜಾಣತನ. ಪುಟ ಕಣ್ಣೆದುರು ಇರುವಾಗ ಪರಿಚಯವನ್ನೇ ನಾವು ತಿಳಿವಳಿಕೆ ಎಂದು ಭ್ರಮಿಸುತ್ತೇವೆ.

ನಕಲು ಮಾಡುವುದರ ನಷ್ಟವೂ ಇಲ್ಲಿಯೇ. ನಲವತ್ತು ಪುಟ ಕೈಯಿಂದ ಹಾದುಹೋಗುತ್ತದೆ, ನೆನಪಿಗೆ ಒಂದು ಸಲವೂ ಕೆಲಸ ಬೀಳುವುದಿಲ್ಲ.

ಕ್ರಮ ಇಷ್ಟು. ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನು ಒಮ್ಮೆ ಗಮನವಿಟ್ಟು ನೋಡಿ. ಮುಚ್ಚಿ. ಖಾಲಿ ಹಾಳೆಯಲ್ಲಿ ಬಿಡಿಸಿ. ಸಿಕ್ಕಿಹಾಕಿಕೊಂಡಲ್ಲಿ ಐದು ನಿಮಿಷ ಒದ್ದಾಡಿ, ಆಮೇಲೆ ತೆರೆದು ನೋಡಿ, ನೋಡಿದ ಸಾಲನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದು ಮುಂದುವರಿಯಿರಿ. ಮುಗಿದಾಗ ಹಾಳೆಯಲ್ಲಿ ಎರಡು ಬಣ್ಣ ಇರುತ್ತದೆ: ನಿಮ್ಮದು ಯಾವುದು, ಸಾಲ ತಂದದ್ದು ಯಾವುದು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಬಸ್ಸಿನಲ್ಲಿ ನಿಂತವರು ಇದನ್ನೇ ಮನಸ್ಸಿನಲ್ಲಿ ಮಾಡಲಿ. ಇವತ್ತಿನ ಎರಡನೆಯ ಪೀರಿಯಡ್‌ನಲ್ಲಿ ಏನು ಹೇಳಿದರು, ಮೂರು ಮಾತಿನಲ್ಲಿ ಹೇಳು ಎಂದು ತಮಗೆ ತಾವೇ ಕೇಳಿಕೊಂಡರೆ ಊರು ಬರುವಷ್ಟರಲ್ಲಿ ಒಂದು ಪಾಠ ಮುಗಿಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವರಿಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಇಂಥವರ ಸಂಖ್ಯೆ ಸಣ್ಣದಲ್ಲ, ನಾನೂ ಒಂದು ಕಾಲಕ್ಕೆ ಅವರಲ್ಲೊಬ್ಬಳು. ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡುವುದರಲ್ಲಿ ನಾನು ಪದವಿಯ ಮೊದಲ ವರ್ಷವನ್ನು ಕಳೆದೆ. ಒಂದು ಶಬ್ದ ಮರೆತರೆ ಇಡೀ ಉತ್ತರ ಕುಸಿಯುತ್ತಿತ್ತು. ಪುಸ್ತಕ ಮುಚ್ಚಿದ ಮೇಲೆ ಮೊದಲು ಕನ್ನಡದಲ್ಲಿ, ಅಮ್ಮನಿಗೆ ಹೇಳುವ ಹಾಗೆ, ವಿಷಯವನ್ನು ಹೇಳಿಕೊಳ್ಳಿ. ಕನ್ನಡದಲ್ಲಿ ಹೇಳಲು ಬಂದರೆ ನಿಮಗೆ ವಿಷಯ ಗೊತ್ತಿದೆ, ಭಾಷೆಯಷ್ಟೇ ಬಾಕಿ. ಆಮೇಲೆ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ, ಅವುಗಳ ಸುತ್ತ ಸಣ್ಣ ಸಣ್ಣ ವಾಕ್ಯ ಕಟ್ಟಿ. ಸಣ್ಣ ವಾಕ್ಯಕ್ಕೆ ಅಂಕ ಕಡಿಮೆ ಕೊಡುವ ಪರೀಕ್ಷಕರನ್ನು ನಾನು ಕಂಡಿಲ್ಲ.

6. ಮುಗಿದ ಮೇಲಿನ ಹತ್ತು ನಿಮಿಷ

ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಪ್ಪುಗಳಿಗೆ ಮೀಸಲಿಡಿ. ನನ್ನ ವಿದ್ಯಾರ್ಥಿಗಳು ಇದನ್ನು ತಪ್ಪಿನ ಪುಟ ಎನ್ನುತ್ತಾರೆ. ಅಸೈನ್‌ಮೆಂಟ್ ಮುಗಿದ ದಿನ ಒಮ್ಮೆ, ತಿದ್ದಿದ ಪುಸ್ತಕ ಕೈಗೆ ಬಂದ ದಿನ ಇನ್ನೊಮ್ಮೆ ಅದರಲ್ಲಿ ಬರೆಯಬೇಕು. ಸಾಮಾನ್ಯವಾಗಿ ಪುಸ್ತಕ ವಾಪಸು ಬಂದಾಗ ಎಲ್ಲರೂ ನೋಡುವುದು ಅಂಕ, ಆಮೇಲೆ ಪಕ್ಕದವರ ಅಂಕ. ಕೆಂಪು ಶಾಯಿಯಲ್ಲಿ ನಾವು ಬರೆದದ್ದನ್ನು ಓದುವವರು ತರಗತಿಗೆ ಇಬ್ಬರೋ ಮೂವರೋ.

ಪ್ರತಿ ತಪ್ಪಿನ ಮುಂದೆ ಅದು ಯಾವ ಜಾತಿಯ ತಪ್ಪು ಎಂದು ಬರೆಯಿರಿ. ವಿಷಯವೇ ತಿಳಿದಿರಲಿಲ್ಲವೇ, ತಿಳಿದೂ ಅವಸರದಲ್ಲಿ ಎಡವಿದೆನೇ, ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡೆನೇ? ಮದ್ದು ಮೂರಕ್ಕೂ ಬೇರೆ. ತನಗೆ ಕಾಸ್ಟಿಂಗ್ ತಲೆಗೆ ಹತ್ತುವುದಿಲ್ಲ ಎಂದು ಅತ್ತಿದ್ದ ಹುಡುಗಿಯೊಬ್ಬಳ ತಪ್ಪಿನ ಪುಟ ನೋಡಿದೆ. ಹನ್ನೊಂದರಲ್ಲಿ ಎಂಟು ತಪ್ಪು, ತಿಂಗಳ ಅಂಕಿಯನ್ನು ವರ್ಷದ್ದೆಂದು ಓದಿಕೊಂಡದ್ದು. ಅವಳಿಗೆ ಬೇಕಿದ್ದದ್ದು ಟ್ಯೂಷನ್ನಲ್ಲ, ಪ್ರಶ್ನೆಯಲ್ಲಿ "ತಿಂಗಳಿಗೆ", "ವರ್ಷಕ್ಕೆ" ಎಂಬ ಪದಗಳ ಸುತ್ತ ಒಂದು ಗೆರೆ.

ಉತ್ತರ ಸರಿಯಾದ ಲೆಕ್ಕವನ್ನೂ ಹಾಗೇ ಬಿಡಬೇಡಿ. ಅದನ್ನು ನಮ್ಮೂರಿಗೆ ತನ್ನಿ. ಒಂದು ಮಂಡಕ್ಕಿ ಭಟ್ಟಿಗೆ ವರ್ಷಕ್ಕೆ 3,600 ಚೀಲ ಭತ್ತ ಬೇಕು. ಒಂದು ಸಲ ತರಿಸುವ ಖರ್ಚು 200 ರೂಪಾಯಿ, ಒಂದು ಚೀಲವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು 16 ರೂಪಾಯಿ ಎಂದಿಟ್ಟುಕೊಳ್ಳಿ. ಇಒಕ್ಯೂ ಸೂತ್ರದಂತೆ ಎರಡು, 3,600, 200 ಇವುಗಳನ್ನು ಗುಣಿಸಿ, 16ರಿಂದ ಭಾಗಿಸಿದರೆ 90,000. ಅದರ ವರ್ಗಮೂಲ 300. ಅಂದರೆ ಸಲಕ್ಕೆ 300 ಚೀಲದಂತೆ ವರ್ಷಕ್ಕೆ ಹನ್ನೆರಡು ಸಲ. ಈಗ ಗೋದಾಮಿನ ಬಾಡಿಗೆ ಏರಿ ಇಟ್ಟುಕೊಳ್ಳುವ ಖರ್ಚು ನಾಲ್ಕು ಪಟ್ಟಾಗಿ 64 ರೂಪಾಯಿ ಆಯಿತು ಎನ್ನಿ. ಪ್ರಮಾಣ ಕಾಲು ಭಾಗಕ್ಕೆ ಇಳಿಯುತ್ತದೆಯೇ, ಅರ್ಧಕ್ಕೆ ಇಳಿಯುತ್ತದೆಯೇ? ಲೆಕ್ಕ ಹಾಕುವ ಮೊದಲು ಊಹಿಸಿ. ಅರ್ಧಕ್ಕೆ, 150ಕ್ಕೆ. ಏಕೆ ಎಂದು ಹೇಳಲು ಬಂದವರು ಸೂತ್ರವನ್ನು ಮತ್ತೆಂದೂ ಬಾಯಿಪಾಠ ಮಾಡಬೇಕಿಲ್ಲ.

ಇಷ್ಟವೇ ಇಲ್ಲದ ವಿಷಯಕ್ಕೆ

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಸಂಶೋಧಕರು ಮನುಷ್ಯನ ಒಳಗಿನ ಉತ್ಸಾಹಕ್ಕೆ ಮೂರು ಬೇರುಗಳನ್ನು ಹೇಳುತ್ತಾರೆ: ಆಯ್ಕೆ ನನ್ನದು ಎಂಬ ಭಾವ, ನನಗೆ ಇದು ಬರುತ್ತದೆ ಎಂಬ ಭಾವ, ನನ್ನವರು ಜತೆಗಿದ್ದಾರೆ ಎಂಬ ಭಾವ. ಪಠ್ಯಕ್ರಮ ನಿಮ್ಮ ಆಯ್ಕೆಯಲ್ಲ ನಿಜ. ಯಾವ ಪ್ರಶ್ನೆಯಿಂದ ಶುರುಮಾಡಬೇಕು, ಯಾವ ಉದಾಹರಣೆ ಕೊಡಬೇಕು, ಯಾರ ಜತೆ ಕೂರಬೇಕು ಎಂಬುದು ನಿಮ್ಮದೇ. ಆ ಚಿಕ್ಕ ಸ್ವಾತಂತ್ರ್ಯವನ್ನು ಬಳಸಿ. ಎಲ್ಲ ವಿಷಯವನ್ನೂ ಪ್ರೀತಿಸಬೇಕೆಂಬ ನಿಯಮವೇನಿಲ್ಲ. ನನಗೂ ಎಲ್ಲವೂ ಇಷ್ಟವಿರಲಿಲ್ಲ, ಯಾವುದು ಇಷ್ಟವಿರಲಿಲ್ಲ ಎಂದು ಇಲ್ಲಿ ಹೇಳಿದರೆ ಸ್ಟಾಫ್ ರೂಮಿನಲ್ಲಿ ಕಷ್ಟ.

ಪ್ರಶ್ನೆ ಹಾಕಿದರೆ ಪ್ರಬಂಧವನ್ನೇ ಬರೆದುಕೊಡುವ ಎಐ ಆ್ಯಪ್‌ಗಳು ಈಗ ಎಲ್ಲರ ಕೈಯಲ್ಲಿವೆ. ಬಳಸಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಕೊನೆಪಕ್ಷ ಸರದಿ ಬದಲಿಸಿ: ಮೊದಲು ನಿಮ್ಮ ಉತ್ತರ, ಆಮೇಲೆ "ಇದರಲ್ಲಿ ತಪ್ಪೆಲ್ಲಿದೆ" ಎಂಬ ಪ್ರಶ್ನೆ. ಅದು ಹೇಳಿದ್ದನ್ನು ಪಠ್ಯಪುಸ್ತಕದ ಜತೆ ಹೋಲಿಸಿ ನೋಡಿ. ಅದೂ ಧೈರ್ಯವಾಗಿ ಒಂದು ಸೊನ್ನೆ ಹೆಚ್ಚು ಬರೆಯುವುದುಂಟು.

ಗೆಳೆಯರು ಪುಸ್ತಕ ಕೇಳಿದರೆ

ಈ ಕ್ರಮ ಹಿಡಿದವರಿಗೆ ಬರುವ ನಿಜವಾದ ಕಷ್ಟ ಇದು. ನಿಮ್ಮ ಅಸೈನ್‌ಮೆಂಟ್ ಎರಡು ದಿನ ಮುಂಚೆ ಮುಗಿದಿದೆ ಎಂಬ ಸುದ್ದಿ ಹಾಸ್ಟೆಲಿನಲ್ಲಿ ಹಬ್ಬಲು ಅರ್ಧ ಗಂಟೆ ಸಾಕು. "ಒಂದು ಸಲ ಪುಸ್ತಕ ಕೊಡು, ಬೆಳಿಗ್ಗೆ ವಾಪಸು ಕೊಡುತ್ತೇನೆ" ಎಂದು ಬಾಗಿಲು ಬಡಿಯುತ್ತಾರೆ. ನಾಳೆ ಒಂದೇ ಮೆಸ್ಸಿನಲ್ಲಿ ಉಣ್ಣಬೇಕಾದವರಿಗೆ ಇಲ್ಲ ಎನ್ನುವುದು ಸುಲಭವಲ್ಲ, ಇಲ್ಲ ಎನ್ನಿ ಎಂದು ನಾನು ಹೇಳುವುದೂ ಇಲ್ಲ. "ಮೊದಲ ಲೆಕ್ಕ ಈಗಲೇ ಒಟ್ಟಿಗೆ ಮಾಡೋಣ ಬಾ, ಎರಡನೆಯದು ನೀನು ಮಾಡು, ಸಿಕ್ಕಿಹಾಕಿಕೊಂಡರೆ ಪುಸ್ತಕ ಇಲ್ಲೇ ಇದೆ" ಎನ್ನಿ. ಅರ್ಧ ಜನ ಬೇರೆ ಬಾಗಿಲು ಬಡಿಯಲು ಹೋಗುತ್ತಾರೆ. ಉಳಿದವರು ಕೂರುತ್ತಾರೆ. ಅವರಿಗೆ ವಿವರಿಸುವಾಗ ನಿಮಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡ ಒಂದು ಕಡೆ ಮಾತು ತಡವರಿಸುತ್ತದೆ. ಆ ಜಾಗವನ್ನು ಅವರು ಎದ್ದುಹೋದ ಮೇಲೆ ತಪ್ಪಿನ ಪುಟದಲ್ಲಿ ಬರೆದುಕೊಳ್ಳಿ.